ಮೂರು ನೀರಲ್ಲಿ ತೊಳೆದ ಖೀಮಾ

ಯಾಕೂಬರ ಕೈಯಡುಗೆ ಉಂಡವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಸಾಲು ದೋಹಾದ ಕಡಲ ದಂಡೆಯಿಂದ ಹೊರಟು ಮರುಭೂಮಿಯ ಆಚೆ ತುದಿ ಮುಟ್ಟೀತು. ಟೆಕ್ಸಾಸಿನ ಡ್ರಿಲ್ಲರುಗಳು, ಸ್ಕಾಟ್ಲೆಂಡಿನ ಇಂಜಿನಿಯರುಗಳು, ಫಿಲಿಪೀನ್ಸಿನ ವೆಲ್ಡರುಗಳು, ಪೇಶಾವರದ ಡ್ರೈವರುಗಳು, ಕಣ್ಣೂರಿನ ಗುಮಾಸ್ತರು, ಎಲ್ಲರೂ ಅದರಲ್ಲಿದ್ದಾರೆ. ಇಲ್ಲದವರು ಮೂವರೇ. ಒಬ್ಬರು ಅವರ ಹೆಂಡತಿ ಆಯಿಶಾ, ಇನ್ನಿಬ್ಬರು ಅವರ ಹೆಣ್ಣುಮಕ್ಕಳು ರೈಹಾನಾ ಮತ್ತು ಹಸ್ನಾ. ಹದಿನೆಂಟು ವರ್ಷ ಅಡುಗೆ ಮಾಡಿಯೇ ಸಂಸಾರ ಸಾಕಿದ ಮನುಷ್ಯ ಆ ಸಂಸಾರಕ್ಕೆ ಒಂದು ದಿನ ಒಂದು ಮೊಟ್ಟೆ ಹುರಿದು ಕೊಟ್ಟವರಲ್ಲ.

ಕೊಡಲು ಮನಸ್ಸಿರಲಿಲ್ಲ ಎಂದಲ್ಲ, ಕೊಡಲು ಯಾರೂ ಬಿಟ್ಟಿರಲಿಲ್ಲ. ಅದು ಹೇಗೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಯಾಕೂಬರು ಫರಂಗಿಪೇಟೆಯವರು. ಬೊಂಬಾಯಿಯ ಹೋಟೆಲೊಂದರಲ್ಲಿ ಗ್ಲಾಸು ತೊಳೆಯುತ್ತಿದ್ದವರು ಅಲ್ಲಿಂದ ಯಾರದೋ ಕೈಕಾಲು ಹಿಡಿದು ಕತಾರಿಗೆ ಹಾರಿದರು. ದೋಹಾದಿಂದ ಪಶ್ಚಿಮಕ್ಕೆ, ಮರಳಿನ ನಟ್ಟನಡುವೆ, ಎಣ್ಣೆ ಬಾವಿ ಕೊರೆಯುವವರ ಕ್ಯಾಂಪು. ಅದರ ಮೆಸ್ಸಿನಲ್ಲಿ ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತು. ಗ್ಲಾಸಿನಿಂದ ಪಾತ್ರೆಗೆ ಏರಿದ್ದು ಬಡ್ತಿಯೇ ಎಂದು ಅವರು ಊರಿಗೆ ಹೇಳಿ ಕಳಿಸಿದರು. ಮೆಸ್ಸಿನ ದೊಡ್ಡ ಅಡುಗೆಯವರು ನಮ್ಮ ಬಜ್ಪೆ ಕಡೆಯ ಮಾರಿಸ್. ಮಂಗಳೂರಿನ ಕ್ರೈಸ್ತ ಹಿರಿಯರನ್ನು ನಮ್ಮಲ್ಲಿ ಕರೆಯುವಂತೆ ಯಾಕೂಬರು ಅವರನ್ನು ಪೊರ್ಬುಗಳು ಎನ್ನುತ್ತಿದ್ದರು. ಪೊರ್ಬುಗಳ ಬಾಯಿ ಕೆಟ್ಟದು, ಕೈ ಬಂಗಾರದ್ದು. ಬೈದು ಬೈದೇ ಅವರು ಯಾಕೂಬರಿಗೆ ನೀರುಳ್ಳಿ ಹೆಚ್ಚುವುದರಿಂದ ಹಿಡಿದು ಇಡೀ ಕುರಿ ಸುಡುವ ತನಕ ಎಲ್ಲವನ್ನೂ ಕಲಿಸಿದರು. ಎಲ್ಲಕ್ಕಿಂತ ಕೊನೆಗೆ ಕಲಿಸಿದ್ದು ಮೀಟ್‌ಲೋಫ್.

ಮೀಟ್‌ಲೋಫ್ ಎಂದರೆ ನೋಡಲು ದೊಡ್ಡ ಸಂಗತಿಯಲ್ಲ. ದನದ ಖೀಮಾಕ್ಕೆ, ಅಂದರೆ ನುಣ್ಣಗೆ ಅರೆದ ಮಾಂಸಕ್ಕೆ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಮೊಟ್ಟೆ, ಬಾಡಿಸಿದ ನೀರುಳ್ಳಿ ಸೇರಿಸಿ, ಬ್ರೆಡ್ಡು ಸುಡುವಂಥ ಉದ್ದನೆಯ ಅಚ್ಚಿನಲ್ಲಿ ತುಂಬಿ, ಮೇಲೆ ಟೊಮೆಟೊ ಸಾಸು, ಬೆಲ್ಲದಂಥ ಕಂದು ಸಕ್ಕರೆ, ಚೂರು ವಿನೆಗರು ಕಲಸಿ ಬಳಿದು ಓವನ್ನಿನಲ್ಲಿ ಇಡುವುದು. ಬೆಂದ ಮೇಲೆ ತುಂಡು ತುಂಡಾಗಿ ಕೊಯ್ದು ಬಡಿಸುವುದು. ಆದರೆ ಅಮೆರಿಕದವರಿಗೆ ಅದು ತಾಯಿ ಮನೆಯ ಊಟ. ಗುರುವಾರ ಮಧ್ಯಾಹ್ನ ಮೆಸ್ಸಿನಲ್ಲಿ ಅದು ಬೇಯುವ ಪರಿಮಳ ಹೊರಟಿತೆಂದರೆ ಆರಡಿ ಎತ್ತರದ ಗಂಡಸರು ತಟ್ಟೆ ಹಿಡಿದು ಶಾಲೆ ಮಕ್ಕಳ ಹಾಗೆ ನಿಲ್ಲುತ್ತಿದ್ದರು. ಇದರಲ್ಲಿ ಗುಟ್ಟು ಒಂದೇ, ಕಲಸುವಾಗ ತನ್ನನ್ನು ಯಾರೋ ಮುಟ್ಟಿದರೆಂದು ಮಾಂಸಕ್ಕೆ ಗೊತ್ತಾಗಬಾರದು ಎಂದು ಪೊರ್ಬುಗಳು ಹೇಳುತ್ತಿದ್ದರು. ಅವರು ನಿವೃತ್ತರಾಗಿ ಊರಿಗೆ ಹೋದ ಮೇಲೆ ಯಾಕೂಬರೇ ದೊಡ್ಡ ಅಡುಗೆಯವರಾದರು, ಬೈಯುವ ಕೆಲಸವೂ ಅವರದೇ ಆಯಿತು.

ಇಷ್ಟು ದೊಡ್ಡ ಅಡುಗೆಯವರು ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋದಾಗ ಏನಾಗುತ್ತಿತ್ತು? ಅಡುಗೆಮನೆಯ ಹೊಸ್ತಿಲು ದಾಟಲಿಕ್ಕೂ ಬಿಡುತ್ತಿರಲಿಲ್ಲ. ಗಲ್ಫಿನಿಂದ ಬಂದ ಮಗ, ಗಲ್ಫಿನಿಂದ ಬಂದ ಗಂಡ. ಬೆಳಿಗ್ಗೆ ಬಿಸಿನೀರು ಕಾದಿರುತ್ತಿತ್ತು, ಮೈ ಒರೆಸಲು ಹೊಸ ಬೈರಾಸು ಹೆಗಲಿಗೆ ಬರುತ್ತಿತ್ತು, ದಿನಕ್ಕೊಂದು ಕೋಳಿಯ ಪ್ರಾಣ ಹೋಗುತ್ತಿತ್ತು. ಮದುವೆಯಾಗಿ ಹದಿನಾರು ವರ್ಷ. ಅದರಲ್ಲಿ ಅವರೂ ಆಯಿಶಾರೂ ಒಂದೇ ಸೂರಿನಡಿ ಕಳೆದದ್ದನ್ನು ಒಟ್ಟು ಹಾಕಿದರೆ ಎರಡು ವರ್ಷವೂ ಆಗದು. ಆ ಅಷ್ಟೂ ಕಾಲ ಅವರು ತಮ್ಮ ಮನೆಯಲ್ಲೇ ನೆಂಟರಾಗಿದ್ದರು.

ತೊಂಬತ್ತೆರಡರ ಕೊನೆಯಲ್ಲಿ ಕಂಪೆನಿ ಅವರಿಗೆ ಸಂಸಾರ ಕರೆತರುವ ವೀಸಾ ಕೊಟ್ಟಿತು. ದೋಹಾದ ಬಿನ್ ಒಮ್ರಾನಿನಲ್ಲಿ ಎರಡು ಕೋಣೆಯ ಫ್ಲ್ಯಾಟು, ಕೆಳಗೆ ದರ್ಜಿಯ ಅಂಗಡಿ, ಮೇಲೆ ಕಿನ್ನಿಗೋಳಿಯ ರೋಸ್‌ಮೇರಿ ಬಾಯಿಯ ಸಂಸಾರ. ಯಾಕೂಬರು ವಾರವಿಡೀ ಕ್ಯಾಂಪಿನಲ್ಲಿದ್ದು ಗುರುವಾರ ಸಂಜೆ ಕಂಪೆನಿ ಬಸ್ಸಿನಲ್ಲಿ ಇಳಿಯುತ್ತಿದ್ದರು. ಇನ್ನು ನನ್ನ ಮನೆಯಲ್ಲಿ ನಾನು ಮನೆಯವನಾಗಿ ಇರುತ್ತೇನೆ ಎಂದು ಅವರು ಕಂಡ ಕನಸೇನು, ನಡೆದದ್ದೇನು! ಬಸ್ಸಿಳಿದು ಬಾಗಿಲು ತಟ್ಟುವ ಮೊದಲೇ ಒಳಗೆ ಗಡಿಬಿಡಿ. ಮಕ್ಕಳು ಟಿವಿ ಆರಿಸುತ್ತಿದ್ದರು. ಸೋಫಾದ ಮೇಲೆ ಹೊಸ ಹೊದಿಕೆ ಬರುತ್ತಿತ್ತು. ಬೈರಾಸು, ಸೋಪು, ತೆಳ್ಳನೆಯ ಅಕ್ಕಿರೊಟ್ಟಿ ಪತ್ತಿರಿ, ಕೋಳಿಸಾರು. ಅವರು ಉಣ್ಣುವಷ್ಟು ಹೊತ್ತು ಆಯಿಶಾ ಪಕ್ಕದಲ್ಲಿ ನಿಂತು ಬಡಿಸುತ್ತಿದ್ದರು, ಕೂತು ಜೊತೆಗೆ ಉಣ್ಣುತ್ತಿರಲಿಲ್ಲ. ಲೋಟಕ್ಕೆ ಕೈ ಚಾಚಿದರೆ ಲೋಟವೇ ಕೈಗೆ ಬರುತ್ತಿತ್ತು.

ಇಂಥ ಸುಖಕ್ಕೆ ಅಳುವವರೂ ಉಂಟೇ ಎಂದು ನೀವು ಕೇಳಬಹುದು. ಕೇಳಿ. ನೆಂಟರಮನೆಯಲ್ಲಿ ಮೂರು ದಿನ ಸುಖ, ನಾಲ್ಕನೆಯ ದಿನ ಚಪ್ಪಲಿ ಎಲ್ಲಿದೆ ಎಂದು ಮನಸ್ಸು ಹುಡುಕುತ್ತದೆ. ಯಾಕೂಬರಿಗೆ ಪ್ರತಿ ವಾರವೂ ಅದೇ ನಾಲ್ಕನೆಯ ದಿನ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಊರಿಗೆಲ್ಲ ಗೊತ್ತು. ಇವರ ಮನೆಯಲ್ಲಿ ಊಟವೂ ಇತ್ತು, ನಿದ್ದೆಯೂ ಇತ್ತು, ಜಗಳವೊಂದು ಮಾತ್ರ ಇರಲಿಲ್ಲ. ಏನು ಹೇಳಿದರೂ ಆಯಿಶಾ ‘ಆಗಲಿ’ ಎನ್ನುತ್ತಿದ್ದರು.

ಒಂದು ವಾರ ಮನೆಗೆ ಬಂದಾಗ ಅಡುಗೆಮನೆಯ ನಲ್ಲಿಯಲ್ಲಿ ಹೊಸ ವಾಷರು ಕಂಡಿತು. ವಿಚಾರಿಸಿದರೆ ಒಂದು ತಿಂಗಳಿನಿಂದ ನಲ್ಲಿ ಸೋರುತ್ತಿತ್ತಂತೆ, ಮೇಲಿನ ರೋಸ್‌ಮೇರಿ ಬಾಯಿಯ ಗಂಡ ಬಂದು ಸರಿಮಾಡಿ ಹೋದರಂತೆ. ತಿಂಗಳಿನಲ್ಲಿ ನಾಲ್ಕು ಬಾರಿ ಯಾಕೂಬರು ಮನೆಗೆ ಬಂದುಹೋಗಿದ್ದರು, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಬಂದ ನೆಂಟರ ಹತ್ತಿರ ನಲ್ಲಿ ಸೋರುತ್ತದೆ ಎಂದು ಯಾರು ಹೇಳುತ್ತಾರೆ? ಆ ಸಣ್ಣ ರಬ್ಬರಿನ ತುಂಡು ಅವರ ಎದೆಗೆ ನಾಟಿತು. ಆ ವಾರ ಕ್ಯಾಂಪಿನಲ್ಲಿ ಅವರು ಯಾರನ್ನೂ ಬೈಯಲಿಲ್ಲ, ಹಾಗಾಗಿ ಹುಡುಗರೆಲ್ಲ ಇವರಿಗೆ ಮೈಗೆ ಸರಿಯಿಲ್ಲವೆಂದು ತಿಳಿದರು.

ಯೋಚಿಸಿ ಯೋಚಿಸಿ ಯಾಕೂಬರು ಒಂದು ತೀರ್ಮಾನಕ್ಕೆ ಬಂದರು. ಈ ಶುಕ್ರವಾರ ನಾನು ಅಡುಗೆ ಮಾಡುತ್ತೇನೆ. ಆಯಿಶಾಳನ್ನು ಕೂರಿಸಿ ನಾನು ಬಡಿಸುತ್ತೇನೆ. ಒಲೆಯ ಮುಂದೆ ನಿಂತವನನ್ನು ಯಾರೂ ನೆಂಟನೆನ್ನಲಾರರು. ಆದರೆ ಏನು ಮಾಡುವುದು? ಬಿರಿಯಾನಿ, ಪತ್ತಿರಿ, ಮೀನುಸಾರು ಎಲ್ಲವೂ ಆಯಿಶಾರ ರಾಜ್ಯ. ತವರೂರು ಅಡ್ಡೂರಿನಿಂದ ಗುರುಪುರದ ತನಕ ಅವರ ಕೈರುಚಿಗೆ ಹೆಸರು. ಅಲ್ಲಿಗೆ ಕಾಲಿಟ್ಟರೆ ಮಾನ ಹೋಗುವುದು ಖಂಡಿತ. ಆಯಿಶಾ ಮಾಡಲಾರದ, ತಾನು ಮಾತ್ರ ಮಾಡಬಲ್ಲ ಒಂದು ಅಡುಗೆ ಬೇಕು. ಹಾಗೆ ಮೀಟ್‌ಲೋಫ್ ಬಿನ್ ಒಮ್ರಾನಿಗೆ ಹೊರಟಿತು.

ಹೇಳಿದಾಗ ಆಯಿಶಾ ಒಂದು ಕ್ಷಣ ಕಣ್ಣರಳಿಸಿದರು, ಆಮೇಲೆ ‘ಆಗಲಿ’ ಎಂದರು. ಓವನ್ನು ಬೇಕು ಎಂದಾಗ ಮಾತ್ರ ಸ್ವಲ್ಪ ತೊಂದರೆಯಾಯಿತು. ನಮ್ಮವರ ಎಲ್ಲ ಮನೆಗಳಲ್ಲಿ ಇದ್ದ ಹಾಗೆ ಅವರ ಮನೆಯಲ್ಲೂ ಗ್ಯಾಸ್ ಒಲೆಯ ಕೆಳಗಿನ ಓವನ್ನು ಒಂದು ಕಪಾಟು. ಅದರೊಳಗಿಂದ ಎರಡು ಕಾವಲಿ, ಬಾಣಲೆ, ಇಡ್ಲಿ ಅಟ್ಟ, ಊರಿನಿಂದ ತಂದ, ರೊಟ್ಟಿ ಸುಡುವ ಮಣ್ಣಿನ ಓಡು, ಮಡಚಿಟ್ಟ ನೂರಾರು ಪ್ಲಾಸ್ಟಿಕ್ ಚೀಲ ಹೊರಬಂದವು. ಎಲ್ಲವನ್ನೂ ಆಯಿಶಾ ಮಾತಿಲ್ಲದೆ ಮಂಚದ ಅಡಿಗೆ ಸಾಗಿಸಿದರು. ಕ್ಯಾಂಪಿನಿಂದ ಬಂದ ಅಚ್ಚು ಮೆಸ್ಸಿನಲ್ಲಿದ್ದುದರಲ್ಲೇ ಅತಿ ಸಣ್ಣದು, ಆದರೂ ಓರೆಯಾಗಿ ಇಟ್ಟರೆ ಮಾತ್ರ ಓವನ್ನಿನ ಬಾಗಿಲು ಮುಚ್ಚುವಷ್ಟು ದೊಡ್ಡದು. ಅದನ್ನು ತುಂಬಿಸಲು ಮೂರು ಕಿಲೋ ಖೀಮಾ ಬಂತು. ಉಣ್ಣುವವರು ಐದು ಮಂದಿ, ಇವರು ನಾಲ್ವರು ಮತ್ತು ಅಲ್ ಹಿಲಾಲಿನಲ್ಲಿ ಕೆಫೆಟೇರಿಯಾ ಇಟ್ಟಿದ್ದ ಆಯಿಶಾರ ತಮ್ಮ ಯೂಸುಫ್. ಇಷ್ಟು ಮಾಂಸ ಯಾಕೆ ಎಂದು ಆಯಿಶಾ ಕೇಳಲಿಲ್ಲ. ಕೇಳಿದ್ದರೆ ಯಾಕೂಬರಿಗೆ ಎಷ್ಟೋ ಸಂತೋಷವಾಗುತ್ತಿತ್ತು.

ಶುಕ್ರವಾರ ಜುಮಾ ನಮಾಜಿಗೆ ಹೊರಡುವ ಮುನ್ನ ಯಾಕೂಬರು ಖೀಮಾವನ್ನು ಫ್ರಿಜ್ಜಿನಿಂದ ತೆಗೆದು, ಪಾತ್ರೆಯಲ್ಲಿ ಮುಚ್ಚಿ ಸಿಂಕಿನ ಪಕ್ಕ ಇಟ್ಟರು, ಕಲಸುವಾಗ ಕೈ ಮರಗಟ್ಟಬಾರದೆಂದು. ಬರುವ ದಾರಿಯಲ್ಲಿ ಟೊಮೆಟೊ ಸಾಸು ತರುತ್ತೇನೆಂದು ಹೇಳಿ ಹೋದರು.

ಆ ಹೊತ್ತಿನಲ್ಲಿ ಮನೆಯಲ್ಲಿ ನಡೆದದ್ದು ಆಮೇಲೆ ರೈಹಾನಾಳ ಬಾಯಿಂದ ತಿಳಿದದ್ದು. ಆಯಿಶಾ ಮುಚ್ಚಳ ತೆಗೆದು ನೋಡಿದರು. ಖೀಮಾದಲ್ಲಿ ರಕ್ತದ ಕೆಂಪು ಇನ್ನೂ ಇತ್ತು. ಅಯ್ಯೋ ಪಾಪ, ಗಂಡಸರು, ತೊಳೆಯುವುದನ್ನೇ ಮರೆತಿದ್ದಾರೆ ಎಂದು ಅವರಿಗೆ ಕನಿಕರವಾಯಿತು. ನಮ್ಮ ಮನೆಗಳಲ್ಲಿ ತೊಳೆಯದ ಮಾಂಸ ಒಲೆ ಏರುವುದುಂಟೇ? ಕೊನೆಯ ನೀರು ಬಾವಿ ನೀರಿನ ಹಾಗೆ ತಿಳಿಯಾಗಿ ಕಾಣಬೇಕು, ಅದು ತಾಯಿಯಿಂದ ಮಗಳಿಗೆ ಬಂದ ಕಟ್ಟಳೆ. ಗಂಡನಿಗೆ ನೆರವಾಗಲೆಂದು, ಅಕ್ಕಿ ಬಸಿಯುವ ತೂತಿನ ಪಾತ್ರೆಯಲ್ಲಿ ಮೂರು ಕಿಲೋ ಖೀಮಾವನ್ನೂ ಸುರಿದು, ಉಪ್ಪು ಅರಿಶಿನ ಹಾಕಿ ಚೆನ್ನಾಗಿ ಕಿವುಚಿ, ಮೂರು ನೀರಲ್ಲಿ ತೊಳೆದರು. ಇಡೀ ತುಂಡಿನ ಮಾಂಸವಾದರೆ ತೊಳೆದಷ್ಟೂ ಒಳ್ಳೆಯದೇ. ಅರೆದ ಮಾಂಸದ ಕತೆ ಬೇರೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ರುಚಿ, ಅಂಟು, ಜಿಡ್ಡು ಎಲ್ಲವೂ ಸಿಂಕಿನ ಪಾಲಾಯಿತು.

ಯಾಕೂಬರು ಸಾಸಿನ ಬಾಟಲಿ ಹಿಡಿದು ಬಂದು ಮುಚ್ಚಳ ತೆಗೆದರು. ಒಳಗೆ ಹಳದಿ ಬಣ್ಣದ, ಬಿಳಿಚಿಕೊಂಡ, ನೀರು ಕುಡಿದ ಯಾವುದೋ ವಸ್ತು ಕೂತಿತ್ತು. ಹಿಂದಿನಿಂದ ಆಯಿಶಾ ಮೆಲ್ಲನೆ, ತೊಳೆದು ಇಟ್ಟಿದ್ದೇನೆ, ಅರಿಶಿನವೂ ಹಾಕಿದ್ದೇನೆ ಎಂದರು. ಕ್ಯಾಂಪಿನಲ್ಲಿ ಯಾವನಾದರೂ ಇದನ್ನು ಮಾಡಿದ್ದರೆ ಯಾಕೂಬರ ಬೈಗುಳ ಬಾವಿ ಕೊರೆಯುವ ಯಂತ್ರದ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಇಲ್ಲಿ ಬೈಯುವುದು ಹೇಗೆ? ನೆಂಟನಾಗಿ ಬಂದವನು ಮನೆಯೊಡತಿಯನ್ನು ಬೈಯುತ್ತಾನೆಯೇ? ಒಳ್ಳೆಯದಾಯಿತು ಎಂದರು ಯಾಕೂಬರು. ಮರ್ಯಾದೆ ಎಂಬುದು ಆ ಮನೆಗೆ ಹಿಡಿದ ರೋಗವಾಗಿತ್ತು, ಮತ್ತು ಅದು ಅವರಿಗೂ ಅಂಟಿತ್ತು.

ಆಮೇಲೆ ಅವರು ಪಟ್ಟ ಪಾಡು ಹೇಳಿ ಸುಖವಿಲ್ಲ. ಬಾಗಿಲು ಮುಚ್ಚಿ, ಖೀಮಾವನ್ನು ಹೊಸ ಬೈರಾಸಿನಲ್ಲಿ ಕಟ್ಟಿ ಬಟ್ಟೆ ಹಿಂಡುವಂತೆ ಹಿಂಡಿದರು. ಮುಟ್ಟಿದ್ದು ಗೊತ್ತಾಗಬಾರದು ಎಂದಿದ್ದ ಪೊರ್ಬುಗಳು ನೋಡಿದ್ದರೆ ಅಲ್ಲೇ ಎದೆ ಹಿಡಿದು ಕೂರುತ್ತಿದ್ದರು. ಬ್ರೆಡ್ಡು ಹೆಚ್ಚು ಹಾಕಿದರು, ಮೊಟ್ಟೆ ಹೆಚ್ಚು ಒಡೆದರು, ಬಿಸ್ಮಿಲ್ಲಾ ಎಂದು ಅಚ್ಚಿಗೆ ತುಂಬಿ, ಕೆಂಪು ಸಾಸು ಬಳಿದು ಓರೆಯಾಗಿ ಒಳಗೆ ತಳ್ಳಿದರು. ಸಂಜೆಗೆ ಯೂಸುಫ್ ಬಂದು ಸೋಫಾದಲ್ಲಿ ಕೂತ. ಮಗ್ರಿಬ್ ನಮಾಜು ಮುಗಿಯಿತು. ಮನೆಯಲ್ಲಿ ಸಾಸಿನ ಸಿಹಿ ಪರಿಮಳ ಹಬ್ಬಿತ್ತು. ಹಸ್ನಾ ಮೂರು ಬಾರಿ ಬಂದು ಓವನ್ನಿನ ಗಾಜಿನಲ್ಲಿ ಇಣುಕಿ ಹೋದಳು. ಬಹುಶಃ ಆದೀತು ಎಂಬ ಸಣ್ಣ ಆಸೆ ಯಾಕೂಬರಲ್ಲೂ ಹುಟ್ಟಿತು.

ಹೊರಗೆ ತೆಗೆದು ನೋಡಿದರೆ ಮಾಂಸ ಹಳದಿ ನೀರಿನಲ್ಲಿ ಈಜುತ್ತಿತ್ತು. ನೀರು ಬಸಿದು, ಅಚ್ಚನ್ನು ದೊಡ್ಡ ತಟ್ಟೆಗೆ ಮಗುಚಿದರು. ಬಿದ್ದದ್ದು ಮೀಟ್‌ಲೋಫ್ ಅಲ್ಲ, ಉಪ್ಪಿಟ್ಟು. ಅಚ್ಚಿನ ಆಕಾರದಲ್ಲಿ ಒಂದು ಗಳಿಗೆ ನಿಂತು, ನೋಡನೋಡುತ್ತಲೇ ನಾಲ್ಕೂ ಕಡೆ ಜರಿದು ಹೋಯಿತು.

ಆಯಿಶಾ ಬಾಗಿಲಲ್ಲಿ ನಿಂತಿದ್ದರು. ಇದು ಹೀಗೇ ಇರುವುದಾ, ಚೆನ್ನಾಗಿ ಕಾಣುತ್ತದೆ ಎಂದು ನೆಂಟರಿಗೆ ಹೇಳುವ ದನಿಯಲ್ಲಿ ಹೇಳಿದರು. ಆ ‘ಚೆನ್ನಾಗಿ’ ಎಂಬುದೇ ಯಾಕೂಬರಿಗೆ ತಡೆಯದಾಯಿತು.

“ಎಂತದು ಚಂದ? ಹಾಳಾಯ್ತು, ಖಲಾಸ್. ಖೀಮಾ ಯಾರಾದ್ರೂ ತೊಳೀತಾರಾ ಮಾರಾಯ್ತಿ? ಅದೇನು ಅಕ್ಕಿಯಾ?”

ಹಾಲ್‌ನಲ್ಲಿ ಟಿವಿ ನೋಡುತ್ತಿದ್ದವರು ಎದ್ದು ಬಾಗಿಲ ಕಡೆ ಬಂದರು. ಆಯಿಶಾರ ಮುಖ ಕೆಂಪಾಯಿತು. ಹದಿನಾರು ವರ್ಷದಲ್ಲಿ ಗಂಡನ ಎದುರು ಏರದ ಸ್ವರ ಆ ದಿನ ಏರಿತು.

“ತೊಳೆಯದೆ ಮತ್ತೆ? ಕಟುಕರ ಮಿಷನ್ನಿಂದ ಬಂದದ್ದನ್ನು ಹಾಗೇ ನನ್ನ ಮಕ್ಕಳ ಬಾಯಿಗೆ ಹಾಕ್ಲಿಕ್ಕಾ?”

“ಹದಿನೆಂಟು ವರ್ಷದಿಂದ ಮಾಡ್ತಾ ಇದ್ದೇನೆ ನಾನು. ತಿಂದವ ಒಬ್ಬ ಸತ್ತಿಲ್ಲ.”

“ಸಾಯದಿದ್ರೆ ಸಾಕಾ? ನಿಮ್ಮ ಬಿಳಿಯರಿಗೆ ಆದೀತು. ಇದು ನನ್ನ ಅಡುಗೆಮನೆ.”

“ಹೌದು, ನಿನ್ನದೇ. ಅಡುಗೆಮನೆ ನಿನ್ನದು, ಮಕ್ಕಳು ನಿನ್ನವು, ಎಲ್ಲ ನಿನ್ನದು. ನಲ್ಲಿ ಸೋರಿದ್ರೂ ನಂಗೆ ಹೇಳ್ಲಿಕ್ಕಿಲ್ಲ. ಈ ಮನೆಯಲ್ಲಿ ನಾನು ಯಾರು?”

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಖೀಮಾದ ಮಾತಲ್ಲವೆಂದು ಯಾಕೂಬರಿಗೇ ಗೊತ್ತಾಯಿತು. ಆಯಿಶಾ ಸೆರಗಿಗೆ ಕೈ ಒರೆಸಿಕೊಂಡರು. ಅವರ ಸ್ವರ ಈಗ ಇಳಿದಿತ್ತು.

“ಹೋಗುವವರ ಹತ್ತಿರ ಕಷ್ಟ ಹೇಳ್ಬಾರ್ದು ಅಂತ ನಿಮ್ಮ ಉಮ್ಮನೇ ಕಲಿಸಿದ್ದು. ಇದ್ದಷ್ಟು ದಿನ ನಗಾಡ್ತಾ ಇರ್ಲಿ, ಅಲ್ಲಿ ಹೋಗಿ ಒಬ್ಬನೇ ಕೊರಗೋದು ಬೇಡ ಅಂತ. ಮನೆ ಸೋರಿದ್ರೂ ಹೇಳ್ಲಿಲ್ಲ, ರೈಹಾನಾಗೆ ಟೈಫಾಯ್ಡ್ ಬಂದಾಗ್ಲೂ ಹೇಳ್ಲಿಲ್ಲ. ಈಗ ನೀವು ಪ್ರತಿ ವಾರ ಹೋಗ್ತೀರಿ. ಹೇಳುದು ಹೇಗೆಂತ ನಂಗೆ ಮರ್ತೇ ಹೋಗಿದೆ.”

ತನ್ನನ್ನು ದೂರ ಇಟ್ಟಿದ್ದಾಳೆಂದು ಯಾಕೂಬರು ತಿಳಿದಿದ್ದದ್ದು ತಮಗಾಗಿ ಆಯಿಶಾ ನುಂಗಿಕೊಂಡ ನೋವಾಗಿತ್ತು. ಅವರಿಗೆ ಒಮ್ಮೆಲೇ ನಾಚಿಕೆಯಾಯಿತು, ಅದರ ಬೆನ್ನಿಗೇ ಹೇಳಲಾರದಷ್ಟು ಪ್ರೀತಿ ಉಕ್ಕಿತು. ಆದರೆ ಬಾಗಿಲ ಸಂದಿನಲ್ಲಿ ಮೂರು ತಲೆಗಳು ಒಂದರ ಮೇಲೊಂದು ಕಾಣುತ್ತಿದ್ದುದರಿಂದ ಅದನ್ನು ತೋರಿಸುವ ಹಾಗಿರಲಿಲ್ಲ. ಎಲ್ಲಕ್ಕಿಂತ ಕೆಳಗಿನ ತಲೆ ಹಸ್ನಾಳದು. ಅವಳ ಮುಖದಲ್ಲಿ ಈದ್ ಚಂದ್ರನನ್ನು ಕಂಡ ಸಂತೋಷವಿತ್ತು. ನಮ್ಮ ಕ್ಲಾಸಿನ ಎಲ್ಲರ ಮನೆಯಲ್ಲೂ ಮಮ್ಮಿ ಡ್ಯಾಡಿ ಫೈಟ್ ಮಾಡ್ತಾರೆ, ನಮ್ಮ ಮನೆಯಲ್ಲಿ ಮಾತ್ರ ಇಲ್ಲ ಎಂದು ಅವಳಿಗೆ ಬಹಳ ದಿನದಿಂದ ಕೊರಗಿತ್ತಂತೆ. ಎಲ್ಲಕ್ಕಿಂತ ಮೇಲಿನ ತಲೆ ಯೂಸುಫನದು. ಊಟ ಉಂಟಾ, ಅಥವಾ ನಾನು ನನ್ನ ಕೆಫೆಟೇರಿಯಾದಿಂದಲೇ ಐದು ಶವರ್ಮಾ ತರಬೇಕಾ ಎಂದು ಅವನು ವಿಚಾರಿಸಿದ.

ಮೊದಲು ನಕ್ಕದ್ದು ಆಯಿಶಾ. ಬಾಯಿಗೆ ಸೆರಗು ಒತ್ತಿ ತಡೆದರೂ ನಗು ಮೂಗಿನಿಂದ ಹೊರಟಿತು. ಯಾಕೂಬರೂ ನಕ್ಕರು. ಹಳದಿ ಉಪ್ಪಿಟ್ಟಿನ ಬೆಟ್ಟ ನಡುವೆ ಕೂತಿತ್ತು, ಅತ್ತ ಇತ್ತ ನಿಂತು ಗಂಡ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಮೇಲೆ ಕೆಲಸ ಸುರುವಾಯಿತು. ಇದನ್ನು ಹಿಡಿದು ನಿಲ್ಲಿಸಲು ಏನಾದರೂ ಬೇಕು ಎಂದು ಯಾಕೂಬರು ಹೇಳುವಷ್ಟರಲ್ಲಿ ಆಯಿಶಾ ಮಂಚದ ಅಡಿಯಿಂದ ಬಾಣಲೆ ಎಳೆದು ತಂದು ಒಲೆಗಿಟ್ಟಿದ್ದರು. ಅಕ್ಕಿಹುಡಿ ಘಮ್ಮೆನ್ನುವಂತೆ ಹುರಿದರು. ಯಾಕೂಬರು ಖೀಮಾದಲ್ಲಿ ಉಳಿದ ನೀರನ್ನು ಇನ್ನೊಂದು ಒಲೆಯಲ್ಲಿ ಇಂಗಿಸಿದರು. ಮೊಟ್ಟೆಗಳು ಒಡೆದವು. ಎರಡು ಜೊತೆ ಕೈ ಒಂದೇ ಪಾತ್ರೆಯೊಳಗೆ ಇಳಿಯಿತು. ಹಸಿಮೆಣಸು ಬೇಕೇ ಬೇಕೆಂದು ಆಯಿಶಾ, ಪೊರ್ಬುಗಳ ಲೆಕ್ಕದಲ್ಲಿ ಹಸಿಮೆಣಸಿಲ್ಲವೆಂದು ಯಾಕೂಬರು. ಪೊರ್ಬುಗಳ ಲೆಕ್ಕದ ಮೀಟ್‌ಲೋಫನ್ನು ನಾವು ಆಗಲೇ ಕಂಡೆವಲ್ಲ ಎಂದು ಆಯಿಶಾ. ಹಸಿಮೆಣಸು ಬಿತ್ತು. ಕೊತ್ತಂಬರಿ ಸೊಪ್ಪು ಬಿತ್ತು. ಒಳ್ಳೆಮೆಣಸಿನ ಹುಡಿ ಯಾಕೂಬರೇ ಹಾಕಿದರು. ಮೇಲೆ ಬಳಿಯುವ ಸಾಸಿಗೆ ಶುಂಠಿ ಹಾಕುತ್ತೇನೆಂದಾಗ ಮಾತ್ರ ಅವರು ಬಾಟಲಿಯನ್ನು ಎದೆಗೆ ಅವುಚಿಕೊಂಡು ಮಾಫಿ, ಸಾಧ್ಯವೇ ಇಲ್ಲ ಎಂದರು. ಅದೊಂದನ್ನು ಆಯಿಶಾ ಬಿಟ್ಟುಕೊಟ್ಟರು. ಅಚ್ಚಿಗೆ ಒತ್ತಿ ತುಂಬಿ, ಓವನ್ನಿನ ಗುಬುಟನ್ನು ಕೊನೆಯ ತನಕ ತಿರುಗಿಸಿ, ಇಬ್ಬರೂ ನೆಲದ ಮೇಲೆ ಕೂತು ಗಾಜಿನೊಳಗೆ ನೋಡುತ್ತಾ ಕಾದರು. ಕಾಯುವಾಗ ಆಯಿಶಾ ಟೈಫಾಯ್ಡಿನ ಕತೆ ಹೇಳಿದರು, ಫರಂಗಿಪೇಟೆಯ ಮನೆಯ ಮಾಡು ಸೋರಿದ ಕತೆ ಹೇಳಿದರು, ಫ್ರಿಜ್ಜಿನ ಬಾಗಿಲು ಸರಿಯಾಗಿ ಹಿಡಿಯುವುದಿಲ್ಲವೆಂಬುದನ್ನೂ ಹೇಳಿದರು.

ಈ ಬಾರಿ ಮಗುಚಿದಾಗ ಅದು ನಿಂತಿತು. ಒಂದು ಮೂಲೆ ಚೂರು ಜರಿದದ್ದನ್ನು ಯಾಕೂಬರು ಬೆರಳಿನಿಂದ ಒತ್ತಿ ಕೂರಿಸಿದರು. ಮೇಲೆ ಕಡುಕೆಂಪು, ಕೊಯ್ದರೆ ಒಳಗೆ ಅರಿಶಿನದ ಹಳದಿ, ನಡುನಡುವೆ ಹಸಿರು. ಅಮೆರಿಕದ ಯಾವ ತಾಯಿಯೂ ಅದನ್ನು ತನ್ನ ಅಡುಗೆಯೆಂದು ಒಪ್ಪುತ್ತಿರಲಿಲ್ಲ, ಅಡ್ಡೂರಿನ ಯಾವ ತಾಯಿಯೂ ಒಪ್ಪುತ್ತಿರಲಿಲ್ಲ. ಇದಕ್ಕೆ ಹೆಸರೇನು ಭಾವ ಎಂದು ಯೂಸುಫ್ ಕೇಳಿದ್ದಕ್ಕೆ, ಮೊದಲು ತಿನ್ನು, ಹೆಸರು ಆಮೇಲೆ ಇಡುವ ಎಂದರು ಯಾಕೂಬರು.

ಹಾಲ್‌ನಲ್ಲಿ ನೆಲಕ್ಕೆ ಸುಪ್ರ, ಅಂದರೆ ಊಟದ ಹಾಸು, ಹಾಸಿ ಎಲ್ಲರೂ ಕೂತರು. ಕೂತರು ಎಂದರೆ, ಆಯಿಶಾ ಬಿಟ್ಟು. ಅವರು ಅಭ್ಯಾಸದಂತೆ ಅತಿ ಚಂದದ ತುಂಡನ್ನು ಆರಿಸಿ ಗಂಡನ ತಟ್ಟೆಗೆ ಹಾಕಿ, ನೀರಿನ ಜಗ್ಗು ಹಿಡಿದು ಬದಿಗೆ ನಿಂತರು. ಯಾಕೂಬರು ತಟ್ಟೆಯನ್ನು ಬದಿಗೆ ಸರಿಸಿದರು. ಜಗಳ, ನಗು, ಓವನ್ನಿನ ಮುಂದೆ ಕೂತದ್ದು ಎಲ್ಲವೂ ಅಷ್ಟಕ್ಕೇ ಮುಗಿಯಿತೇ? ನಾಳೆಯಿಂದ ಮತ್ತೆ ಬೈರಾಸು, ಸೋಪು, ‘ಆಗಲಿ’ ಎಂಬ ಮಾತೇ? ಅವರು ಎದ್ದು ಹೆಂಡತಿಯ ಕೈಯಿಂದ ಜಗ್ಗು ತೆಗೆದುಕೊಂಡರು. ತಾವು ಕೂತಿದ್ದ ಜಾಗ ತೋರಿಸಿದರು. ತಮ್ಮನ ಎದುರು ಹೀಗೆ ಮಾಡಬಹುದೇ ಎಂದು ಆಯಿಶಾ ಹಿಂಜರಿದರು. ರೈಹಾನಾ ಉಮ್ಮನ ಕೈ ಹಿಡಿದು ಎಳೆದು ಕೂರಿಸಿದಳು. ಯಾಕೂಬರು ಹೊಸ ತುಂಡು ಕೊಯ್ದು ಹೆಂಡತಿಯ ತಟ್ಟೆಗೆ ಬಡಿಸಿದರು.

ಎಲ್ಲರೂ ಆಯಿಶಾರ ಬಾಯಿಯನ್ನೇ ನೋಡುತ್ತಿದ್ದರು. ಅವರು ನಿಧಾನವಾಗಿ ಅಗಿದರು. ಒಮ್ಮೆ ಸೂರು ನೋಡಿದರು, ಒಮ್ಮೆ ತಟ್ಟೆ ನೋಡಿದರು.

“ಉಪ್ಪು ಸಾಲದು” ಎಂದರು. ಆಮೇಲೆ ಇನ್ನೊಂದು ತುಂಡಿಗೆ ಕೈ ಹಾಕಿದರು.

ಹದಿನೆಂಟು ವರ್ಷದಲ್ಲಿ ಯಾಕೂಬರಿಗೆ ಎಷ್ಟೋ ಹೊಗಳಿಕೆ ಸಿಕ್ಕಿತ್ತು. ಒಬ್ಬ ಅಮೆರಿಕನ್ ಅವರನ್ನು ಎತ್ತಿ ಹಿಡಿದು ತಿರುಗಿಸಿದ್ದ. ಅದ್ಯಾವುದೂ ಈ ಎರಡು ಶಬ್ದಕ್ಕೆ ಸಮವಲ್ಲವೆಂದು ಅವರಿಗೆ ಅನಿಸಿತು. ಬಡಿಸಿದ ಕೈಯಲ್ಲೇ ಅವರೂ ಕೂತು, ಹೆಂಡತಿಯ ಮಗ್ಗುಲಲ್ಲಿ, ಉಪ್ಪು ಸಾಲದ ಮೀಟ್‌ಲೋಫನ್ನು ಹೊಟ್ಟೆ ತುಂಬ ತಿಂದರು. ಯೂಸುಫ್ ನಾಲ್ಕು ತುಂಡು ತಿಂದ. ಹಸ್ನಾ ಕೆಂಪು ಸಾಸಿನ ಮೇಲ್ಪದರವನ್ನಷ್ಟೇ ಎಲ್ಲರ ತಟ್ಟೆಯಿಂದ ಕದ್ದಳು. ಆದರೂ ಅರ್ಧಕ್ಕರ್ಧ ಉಳಿಯಿತು, ಅದನ್ನು ರೈಹಾನಾ ಒಂದು ದೊಡ್ಡ ತಟ್ಟೆಯಲ್ಲಿಟ್ಟು ಮೇಲಿನ ರೋಸ್‌ಮೇರಿ ಬಾಯಿಯ ಮನೆಗೆ ಒಯ್ದು ಕೊಟ್ಟು ಬಂದಳು.

ಊಟ ಮುಗಿಯಿತು. ಯಾಕೂಬರು ಗೋಡೆಗೆ ಒರಗಿ ಕಾಲು ಚಾಚಿ, ಯೂಸುಫನ ಹತ್ತಿರ ಕೆಫೆಟೇರಿಯಾದ ವ್ಯಾಪಾರದ ವಿಷಯ ಮಾತಾಡುತ್ತಿದ್ದರು. ಆಯಿಶಾ ಸುಪ್ರ ಮಡಚುತ್ತಿದ್ದರು. ಮಡಚುತ್ತಲೇ, ಮುಖ ಕೂಡ ಈ ಕಡೆ ತಿರುಗಿಸದೆ, ಮಕ್ಕಳಿಗೆ ಹೇಳುವ ಸ್ವರದಲ್ಲೇ ಹೇಳಿದರು.

“ಮಾತಾಡಿದ್ದು ಸಾಕು. ಎದ್ದು ಆ ಅಚ್ಚು ತೊಳೀರಿ. ಒಣಗಿದ್ರೆ ಆಮೇಲೆ ತಿಕ್ಕಿ ತಿಕ್ಕಿ ನನ್ನ ಕೈ ಹೋಗ್ತದೆ.”

ಯೂಸುಫ್ ದಿಗಿಲುಬಿದ್ದ. ಅಕ್ಕ ಭಾವನಿಗೆ ಪಾತ್ರೆ ತೊಳೆಯಲು ಹೇಳಿದ್ದನ್ನು ಅವನು ಹುಟ್ಟಿದ ಮೇಲೆ ಕೇಳಿರಲಿಲ್ಲ. ನಾನು ತೊಳೆಯುತ್ತೇನೆ ಭಾವ ಎಂದು ಗಡಿಬಿಡಿಯಲ್ಲಿ ಏಳಲು ಹೋದ. ಯಾಕೂಬರು ಅವನ ಹೆಗಲು ಒತ್ತಿ ಕೂರಿಸಿದರು. ಅವರ ಮುಖ ಬೆಳಗುತ್ತಿತ್ತು. ಅಂಗಿಯ ತೋಳನ್ನು ಮೊಣಕೈ ತನಕ ಮಡಚುತ್ತಾ ಅವರು ಎದ್ದು ನಿಂತರು.

“ನೀನು ಕೂತ್ಕೋ ಮಾರಾಯಾ” ಎಂದರು. “ನೀನು ನೆಂಟ.”